ಮೂರು ಊರಿನ ಫ್ಲೆಕ್ಸ್

ಮಂಗಳವಾರ ಮಧ್ಯಾಹ್ನ ಮಗಳ ಫೋನ್ ಬಂತು. ನಾನು ಆಳಂದದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದೆ.

"ಅಪ್ಪಾ, ಆರ್ಡರ್ ಆತು."

ಮೊರ ಕೈಯಿಂದ ಜಾರಿತು. ಕಾಳು ಅಂಗಳದ ತುಂಬ ಹರಡಿತು. "ಖರೇನಾ ಅವ್ವಾ?" ಎಂದೆ.

"ಖರೇ. ಜಿಲ್ಲಾಧಿಕಾರಿಗಳ ಸಹಿ ಆಗ್ಯಾದ. ಕೂಸಿನ ಪಾಸ್‌ಪೋರ್ಟ್ ಒಂದು ಉಳದದ. ಆದ್ರ ಅಪ್ಪಾ, ಯಾರಿಗೂ ಹೇಳಬ್ಯಾಡ. ಈ ಸಲಾನಾದ್ರೂ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಚಲೋ ಇತ್ತು.

ನನಗೆ ಹೊಟ್ಟೆಯೊಳಗೆ ಸಂತೋಷ ಹಿಡಿಸದು. ಓಣಿಯಲ್ಲಿ ನಿಂತು ಕೂಗಬೇಕು ಅನಿಸುತ್ತದೆ. ಬಾಯಿ ಮುಚ್ಚಿಕೊಂಡು ಕೂತಿದ್ದೇನೆ. ಅದಕ್ಕೇ ಈ ನೋಟ್‌ಬುಕ್ಕು. ಏಳನೇ ತರಗತಿ ಓದಿ ಸರ್ಕಾರಿ ಬಸ್ಸಿನ ಸ್ಟೇರಿಂಗ್ ಹಿಡಿದವನು ನಾನು. ರಜೆ ಅರ್ಜಿ ಬಿಟ್ಟು ಬೇರೇನೂ ಬರೆದವನಲ್ಲ. ಯಾರ ಹೆಸರನ್ನೂ ಹಾಕುವುದಿಲ್ಲ. ಹೆಸರು, ಮುಖ ಹೊರಗೆ ಹಾಕಿದರೆ ಏನಾಗುತ್ತದೆ ಎಂಬುದನ್ನು ನಾನು ಕಲಿತದ್ದು ಮೊಮ್ಮಗಳ ಹತ್ತು ತಿಂಗಳು ಕಳೆದು. ಕೂಸು ವಿಮಾನ ಹತ್ತಿದ ಮೇಲೆ ಇದನ್ನು ಓದುವವರು ಓದಲಿ.

ಮಗಳು, ಅಳಿಯ ಇಬ್ಬರೂ ನರ್ಸುಗಳು. ಐರ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ಕೆಲಸ. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಾಗಲಿಲ್ಲ. ನಮ್ಮ ಚರ್ಚಿನಲ್ಲಿ ಪ್ರತಿ ಭಾನುವಾರ ಅವರಿಗಾಗಿ ಪ್ರಾರ್ಥನೆ ನಡೆಯುತ್ತಿತ್ತು. ಪ್ರಾರ್ಥನೆ ಮುಗಿಸಿ ಹೊರಗೆ ಬಂದ ಹೆಂಗಸರು ಚಪ್ಪಲಿ ಹಾಕಿಕೊಳ್ಳುತ್ತ, "ತಪ್ಪು ಯಾರ ಕಡೀದು?" ಎಂದು ನನ್ನ ಹೆಂಡತಿಯನ್ನು ಕೇಳುತ್ತಿದ್ದರು. ಆಮೇಲೆ ಅವರಿಬ್ಬರೂ ದತ್ತು ತೆಗೆದುಕೊಳ್ಳಲು ಅರ್ಜಿ ಹಾಕಿದರು. ಆ ದೇಶದ ಕಾಗದ, ಈ ದೇಶದ ಕಾಗದ, ಪೊಲೀಸರ ಕಾಗದ, ಡಾಕ್ಟರ ಕಾಗದ. ಬಹಳ ಕಾದ ಮೇಲೆ ಒಂದು ದಿನ ಮಗಳು ನಮ್ಮ ಫೋನಿಗೆ ಫೋಟೋ ಕಳಿಸಿದಳು. ಬೇರೆ ಜಿಲ್ಲೆಯ ಒಂದು ಶಿಶುಗೃಹದಲ್ಲಿದ್ದ ಹನ್ನೊಂದು ತಿಂಗಳ ಹೆಣ್ಣುಕೂಸು. ಹಳದಿ ಅಂಗಿ, ಕೆಳಗೆ ಎರಡೇ ಹಲ್ಲು, ಒಂದು ಕಿವಿ ತುಸು ಮುಂದಕ್ಕೆ ಚಾಚಿಕೊಂಡಿತ್ತು. ನನ್ನ ಕಿವಿಯೂ ಹಾಗೇ ಇದೆ. ರಕ್ತ ಇಲ್ಲದೆ ಕಿವಿ ಹೇಗೆ ಬಂತೆಂದು ನಾನು ಕೇಳಲಿಲ್ಲ. ದೇವರಿಗೆ ಸ್ತೋತ್ರ ಅಂದೆ, ಅಷ್ಟೇ.

ಹೆಂಡತಿ ಅದೇ ಸಂಜೆ ಟ್ರಂಕಿನಿಂದ ಹಳೇ ಸೀರೆಗಳನ್ನು ತೆಗೆದು ಕೌದಿ ಹೊಲಿಯಲು ಕೂತಳು. ಫೋಟೋದ ಕೂಸಿನ ಅಳತೆಗೆ ಒಂದೂವರೆ ಮೊಳ ಸಾಕು ಅಂದಳು. ಅವಳ ಖುಷಿ ಸೂಜಿಯಲ್ಲಿ ಹೋಯಿತು. ನನ್ನದು ಬಸ್‌ಸ್ಟ್ಯಾಂಡಿಗೆ ಹೋಯಿತು.

ನಮ್ಮ ಕಡೆ ಈಗ ಖುಷಿಯೆಂದರೆ ಫ್ಲೆಕ್ಸ್. ಹುಟ್ಟುಹಬ್ಬಕ್ಕೆ ಫ್ಲೆಕ್ಸ್, ಪಂಚಾಯಿತಿ ಗೆದ್ದವನಿಗೆ ಫ್ಲೆಕ್ಸ್, ಸತ್ತವನಿಗೂ ಫ್ಲೆಕ್ಸ್. ನಾನು ನಿವೃತ್ತನಾದಾಗ ಡಿಪೋದವರು ನನ್ನದೊಂದು ಕಟ್ಟಿದ್ದರು. ಖಜೂರಿಯಿಂದ ಬರುವ ಬಸ್ಸಿನಲ್ಲಿ ಕೂತವರು ಕಿಟಕಿಯಿಂದ ನನ್ನ ಮುಖ ನೋಡಿ ಕೈ ಮಾಡುತ್ತಿದ್ದರು. ನನಗೇ ಅಷ್ಟು ಮರ್ಯಾದೆ ಆದರೆ, ಇಷ್ಟು ವರ್ಷ ಕಾಯಿಸಿ ಬಂದ ಮೊಮ್ಮಗಳಿಗೆ ಎಷ್ಟು ಆಗಬೇಕು?

ಅಂಗಡಿಯವನು ಕಂಪ್ಯೂಟರಿನಲ್ಲಿ ಫೋಟೋ ದೊಡ್ಡದು ಮಾಡಿ ಕೇಳಿದ: "ಕಾಕಾ, ಹೆಸ್ರು ಏನು ಹಾಕ್ಲಿ?"

"ಹೆಸ್ರು ಇನ್ನ ಇಟ್ಟಿಲ್ಲಪ. ನಮ್ಮ ಮೊಮ್ಮಗಳಿಗೆ ಸುಸ್ವಾಗತ ಅಂತ ಹಾಕು. ಕೆಳಗ, ಕೋರುವವರು ಅಜ್ಜ ಅಜ್ಜಿ. ನನ್ನ ಕರೀ ಕನ್ನಡಕದ ಫೋಟೋ ಅದಲ್ಲ, ಅದನ್ನೂ ಮೂಲ್ಯಾಗ ಕೂಡಿಸು."

"ಕೂಸಿನ ಹಿಂದ ಗ್ವಾಡಿ ಮ್ಯಾಲ ಏನೋ ಬರದದ. ಅಳಿಸ್ಲೇನ್ರಿ?"

ನಾನು ಬಗ್ಗಿ ನೋಡಿದೆ. ಶಿಶುಗೃಹದ ಹೆಸರು. "ಬ್ಯಾಡ ಬ್ಯಾಡ," ಎಂದೆ. "ನಮ್ಮ ಕೂಸಿಗೆ ಅನ್ನ ಹಾಕ್ಯಾರ ಅವರು. ಅವರಿಗೂ ಒಂದು ಮರ್ಯಾದಿ ಆಗ್ಲಿ."

ಅಳಿಸೆಂದು ಒಂದು ಮಾತು ಹೇಳಿದ್ದರೂ ಅರ್ಧ ಕೇಡು ತಪ್ಪುತ್ತಿತ್ತು.

ಮೂರು ಮಾಡಿಸಿದೆ. ಒಂದು ಆಳಂದಕ್ಕೆ, ಒಂದು ಹೆಂಡತಿಯ ತವರು ಅಫಜಲಪುರಕ್ಕೆ, ಒಂದು ಅಳಿಯನ ಊರು ಜೇವರ್ಗಿಗೆ. ನನ್ನ ಕೈಕೆಳಗೆ ಕಲಿತ ಡ್ರೈವರುಗಳೇ ಸುರುಳಿಗಳನ್ನು ಬಸ್ಸಿನಲ್ಲಿ ಒಯ್ದು ಕಟ್ಟಿಸಿದರು. ಚರ್ಚಿನವರಿಗೆಲ್ಲ ಪೇಢೆ ಹಂಚಿದೆ. ಹೆಂಡತಿ ಮಾತ್ರ, "ಮಗಳಿಗೊಂದು ಮಾತು ಕೇಳ್ಬೇಕಿತ್ತಲ್ರೀ," ಎಂದಳು. "ಅಕೀಗಿ ನಾನೇ ಫೋಟೋ ಹೊಡದು ಕಳಿಸ್ತೇನಿ, ಕುಣಿದಾಡ್ತಾಳ," ಎಂದೆ. ನೆಟ್ ಸಿಗದೆ ಆ ಫೋಟೋ ಹೋಗಲೇ ಇಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಒಂದು ವಾಟ್ಸಾಪ್ ಗುಂಪಿನಲ್ಲಿ ನನ್ನ ಮೊಮ್ಮಗಳೇ ನನಗೆ ಬಂದಳು. ಆಳಂದದ ಫ್ಲೆಕ್ಸಿನ ಚಿತ್ರ. ಕೆಳಗೆ ಯಾರೋ ಬರೆದಿದ್ದರು: "ವಿದೇಶಕ್ಕೆ ಮಗು ಮಾರಾಟ? ಎಲ್ಲರಿಗೂ ಕಳಿಸಿ." ಅದನ್ನು ಗುಂಪಿಗೆ ಹಾಕಿದವನು ಮೂರು ದಿನದ ಹಿಂದೆ ನನ್ನ ಮನೆಯಲ್ಲಿ ಎರಡು ಪೇಢೆ ತಿಂದು, ಹೆಂಡತಿಗೆಂದು ಇನ್ನೊಂದನ್ನು ಕಿಸೆಯಲ್ಲಿ ಇಟ್ಟುಕೊಂಡು ಹೋಗಿದ್ದ. ಫೋನ್ ಮಾಡಿದೆ. "ನಾ ಬರದಿಲ್ಲ ಕಾಕಾ, ಬಂದದ್ದನ್ನ ಮುಂದ ದಬ್ಬೇನಿ ಅಷ್ಟೇ," ಎಂದ.

ಸಂಜೆಯೊಳಗೆ ಅದು ಕಚೇರಿಗಳನ್ನು ಮುಟ್ಟಿತ್ತು. ಮಗಳ ಫೋನ್ ಬಂತು. "ಅಪ್ಪಾ, ಏನ್ ಮಾಡ್ಕೊಂಡು ಕುಂತೀ?" ಎಂದಳು. ನಾನೇ ಫೋನ್ ಇಟ್ಟುಬಿಟ್ಟೆ.

ದತ್ತು ಪೂರ್ತಿಯಾಗುವ ಮೊದಲು ಅಂಥ ಕೂಸಿನ ಮುಖ, ವಿಳಾಸ ಹೊರಗೆ ಹಾಕುವುದು ಕಾನೂನಿನಲ್ಲಿ ತಪ್ಪಂತೆ. ಮಕ್ಕಳ ರಕ್ಷಣೆಯ ಕಚೇರಿಗೆ ನನ್ನನ್ನು ಕರೆಸಿದ ಅಧಿಕಾರಿ ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಕುರ್ಚಿ ಕೊಟ್ಟು, ನೀರು ಕೊಟ್ಟು ಕೇಳಿದಳು:

"ಅಜ್ಜಾರ, ಈ ಕೂಸು ಯಾರದು?"

"ನನ್ನ ಮೊಮ್ಮಗಳ್ರಿ ಮೇಡಂ."

"ಇನ್ನೂ ಆಗಿಲ್ರಿ. ಆದೇಶ ಆಗೋತನಕ ಅಕಿ ಸರಕಾರದ ಕೂಸು. ನಾಳೆ ಅಕಿ ದೊಡ್ಡಾಕಿ ಆದ ಮ್ಯಾಲ, ನಾ ಎಲ್ಲಿಂದ ಬಂದೆ ಅನ್ನೋದು ಯಾರಿಗಿ ಹೇಳ್ಬೇಕು, ಯಾರಿಗಿ ಬಿಡ್ಬೇಕು, ಅದು ಅಕೀದು. ನೀವು ಅಕಿ ಪರವಾಗಿ ಮೂರು ಬಸ್‌ಸ್ಟ್ಯಾಂಡಿನಾಗ ಹೇಳಿಬಿಟ್ರಿ."

ಕ್ಷಮಾಪಣೆ ಪತ್ರಕ್ಕೆ ಸಹಿ ಹಾಕಿದೆ. ನನ್ನನ್ನು ಬಿಟ್ಟರು. ಕೂಸಿನ ಫೈಲನ್ನು ಬಿಡಲಿಲ್ಲ. ಫೋಟೋ ಹೊರಗೆ ಹೇಗೆ ಹೋಯಿತು, ಶಿಶುಗೃಹದಲ್ಲಿ ಯಾರ ತಪ್ಪು ಎಂದು ತನಿಖೆ ಶುರುವಾಯಿತು. ಅದು ಮುಗಿಯುವವರೆಗೆ ಆದೇಶ ಇಲ್ಲ, ಮಗಳು ಕೂಸನ್ನು ನೋಡುತ್ತಿದ್ದ ವಿಡಿಯೋ ಕಾಲ್ ಕೂಡ ಇಲ್ಲ.

ಜೇವರ್ಗಿಗೆ ಹೋಗಿ ಫ್ಲೆಕ್ಸ್ ನಾನೇ ಬಿಚ್ಚಿದೆ. ಅಳಿಯನ ತಾಯಿ ನೋಡುತ್ತ ನಿಂತಿದ್ದರು. "ಬೀಗರ, ಬಸ್ ಬರೋಕಿಂತ ಮೊದ್ಲೇ ಬೋರ್ಡ್ ಹಚ್ಚಿದ್ರಲ್ರಿ," ಎಂದರು. "ಜನ್ಮಾ ಎಲ್ಲಾ ಬಸ್ ಹೊಡದೀರಿ, ಅಷ್ಟೂ ತಿಳೀಲಿಲ್ಲೇನು?" ನಾನು ಹಗ್ಗದ ಗಂಟು ಬಿಚ್ಚುತ್ತಲೇ ಇದ್ದೆ. ಚಹಾ ಕುಡಿದು ಹೋಗಿರಿ ಎಂದು ಅವರು ಅನ್ನಲಿಲ್ಲ.

ಆಳಂದದ್ದು, ಜೇವರ್ಗಿಯದು ಎರಡನ್ನೂ ಸುಟ್ಟೆ. ಸುಡುವಾಗ ಕಣ್ಣು ಮುಚ್ಚಿಕೊಂಡೆ. ಅಫಜಲಪುರದ್ದು ಕಂಬದಲ್ಲಿರಲಿಲ್ಲ. ಯಾರೋ ಬಿಚ್ಚಿ ಒಯ್ದಿದ್ದರು.

ಹತ್ತು ತಿಂಗಳು. ಹೆಂಡತಿ ಕೌದಿಯ ಅಂಚು ಬಿಚ್ಚಿ ಮತ್ತೊಂದು ಸೀರೆ ಸೇರಿಸಿದಳು. ಆಮೇಲೆ ಇನ್ನೊಂದು. ನನ್ನ ಜೊತೆ ಊಟ, ಗುಳಿಗೆ, ನೀರು ಬಂತು ಎಂಬಷ್ಟೇ ಮಾತು. ಒಮ್ಮೆ ನಾನೇ ಕೇಳಿದೆ, "ಎಷ್ಟು ಹೊಲೀತಿಯೇ?" ತಲೆ ಎತ್ತದೆ ಹೇಳಿದಳು: "ನೀವು ಎಷ್ಟು ಕಾಯಸ್ತೀರೋ ಅಷ್ಟು." ಅಲ್ಲಿ ಮಗಳು ತೊಟ್ಟಿಲು ಬಿಚ್ಚಿಟ್ಟಳು. "ಇನ್ನ ಅದರಾಗ ಹಿಡಿಸಂಗಿಲ್ಲ ಅಪ್ಪಾ, ಮಂಚಾನ ತರ್ಬೇಕು," ಎಂದಳು. ಕೂಸು ಮೊದಲ ಹೆಜ್ಜೆ ಇಟ್ಟದ್ದು ಯಾವ ದಿನ, ನಮಗೆ ಗೊತ್ತಿಲ್ಲ. ಕೇಳುವುದಕ್ಕೂ ಹಾದಿ ಇರಲಿಲ್ಲ. ಚರ್ಚಿನಲ್ಲಿ ದೇವರು ಮಾಡಿದ ಉಪಕಾರಕ್ಕೆ ಎಲ್ಲರೂ ಸಾಕ್ಷಿ ಹೇಳುವ ಹೊತ್ತಿಗೆ ನಾನು ಎದ್ದು ಹೊರಗೆ ಹೋಗುವುದನ್ನು ರೂಢಿ ಮಾಡಿಕೊಂಡೆ.

ಆದೇಶ ಬಂದ ಮರುದಿನ, ಮೊನ್ನೆ ಬುಧವಾರ, ವಿಡಿಯೋ ಕಾಲಿಗೆ ಮತ್ತೆ ಒಪ್ಪಿಗೆ ಸಿಕ್ಕಿತು. ಮಗಳು ನಮ್ಮನ್ನೂ ಸೇರಿಸಿಕೊಂಡಳು. ಓಡಿ ಬಂದಳು ನನ್ನ ಮೊಮ್ಮಗಳು! ಬಾಯಿ ತುಂಬ ಹಲ್ಲು, ಎರಡು ಜುಟ್ಟು. ಕಿವಿ ಮಾತ್ರ ಹಾಗೇ. ನಾನು "ಏ ನನ್ನವ್ವಾ, ನನ್ನ ಬಂಗಾರಾ," ಎಂದು ಫೋನಿಗೇ ಮುತ್ತು ಕೊಟ್ಟೆ. ಶಿಶುಗೃಹದ ಆಯಾ ಫೋನಿನ ಪರದೆ ತೋರಿಸಿ, "ನೋಡು, ನಿಮ್ಮ ಅಮ್ಮ," ಎಂದಳು. ಕೂಸು ಒಮ್ಮೆ ನೋಡಿತು. ತಿರುಗಿ ಆಯಾಳ ಕೊರಳು ತಬ್ಬಿಕೊಂಡು, "ಅವ್ವಾ," ಎಂದಿತು. ಸ್ಪಷ್ಟವಾಗಿ, ಎರಡು ಸಲ. ಆಯಾ ಗಾಬರಿಯಾಗಿ ಕೈ ಬಿಡಿಸಲು ನೋಡಿದಳು.

"ಇರ್ಲಿ ಬಿಡ್ರಿ," ಎಂದಳು ನನ್ನ ಮಗಳು. "ಅಕಿಗಿ ಇನ್ನ ನಾ ಯಾರು?"

ಹೆಂಡತಿ ಎದ್ದು ಒಳಗೆ ಹೋದಳು.

ನಿನ್ನೆ ಅಫಜಲಪುರಕ್ಕೆ ಹೆಂಡತಿಯ ಅಣ್ಣನನ್ನು ನೋಡಲು ಹೋಗಿದ್ದೆ. ಊರ ಹೊರಗೆ ರಸ್ತೆ ಬದಿಗೆ ಜೋಳದ ಕಣಿಕೆಯ ಬಣವೆ. ಅದರ ಮೇಲೆ, ಮಳೆಗೆಂದು ಹೊದಿಸಿ ಕಲ್ಲು ಹೇರಿದ್ದು ನನ್ನ ಫ್ಲೆಕ್ಸ್. ಬಿಸಿಲಿಗೆ ಅಕ್ಷರ ಹೋಗಿದ್ದವು. ಮೂಲೆಯಲ್ಲಿದ್ದ ನನ್ನ ಮುಖವೂ ಹೋಗಿತ್ತು. ಹಳದಿ ಅಂಗಿ, ಎರಡು ಹಲ್ಲು ಮಾತ್ರ ಉಳಿದಿದ್ದವು. ಆ ವಯಸ್ಸಿನ ಅವಳನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿಕೊಳ್ಳಲಿಲ್ಲ, ಇನ್ನು ಎತ್ತಿಕೊಳ್ಳುವುದೂ ಇಲ್ಲ.

ಬಜಾರಿಗೆ ಹೋಗಿ ಹೊಸ ತಾಡಪತ್ರಿ ತಂದು ಬಣವೆಯವನಿಗೆ ಕೊಟ್ಟೆ. ಅವನಿಗೆ ನಂಬಿಕೆ ಬರಲಿಲ್ಲ. "ಹೊಸಾದು ಕೊಟ್ಟು ಹರಕ ಒಯ್ತೀರಲ್ರಿ! ಯಾರ ಕೂಸು ಇದು?"

"ಗೊತ್ತಿಲ್ಲಪ," ಎಂದೆ.

ಮುಖ ಒಳಗಾಗುವಂತೆ ಮಡಿಚಿ ಹಗ್ಗ ಕಟ್ಟಿ ಆಳಂದದ ಬಸ್ ಹತ್ತಿದೆ. ಡ್ರೈವರ್ ನನ್ನ ಕೈಕೆಳಗೆ ಕಲಿತವನೇ. ಅಂದು ಫ್ಲೆಕ್ಸ್ ಒಯ್ದು ಕಟ್ಟಿಸಿದವನೂ ಅವನೇ. ಕನ್ನಡಿಯೊಳಗಿಂದ ನೋಡಿ ನಕ್ಕ.

"ಕಾಕಾ, ಮೊಮ್ಮಗಳದು ಏನಾತು?"

ಆರ್ಡರ್ ಆತೋ ತಮ್ಮಾ, ಓಡಾಡಾಕತ್ತಾಳೋ, ಎರಡು ಜುಟ್ಟು ಹಾಕ್ಯಾರೋ ಎಂಬುದೆಲ್ಲ ಗಂಟಲವರೆಗೆ ಬಂತು.

"ಏನಿಲ್ಲಪ, ಇನ್ನ."

"ತೊಡೀ ಮ್ಯಾಲ ಏನದು ಗಂಟು? ಭಾರ ಅದ, ಮ್ಯಾಲಿಡ್ರಿ."

"ತಾಡಪತ್ರಿ," ಎಂದೆ. "ಇರ್ಲಿ ಬಿಡು." ಆಳಂದ ಬರುವವರೆಗೂ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.