ಜ್ವರಕ್ಕೆ ಕೂತ ಹುಳುಗಳ ನಡುವೆ ಹಾಡಿದ್ದು

ಆ ಬೆಳೆಯ ರೇಷ್ಮೆಹುಳುಗಳು ಸತ್ತದ್ದು ನಮ್ಮ ಅತ್ತಿಗೆ ಮುಡಿದಿದ್ದ ಸಂಪಿಗೆಯಿಂದಲ್ಲ. ಕೊಂದವನು ನಾನು. ಇಷ್ಟು ವರ್ಷ ಹಾಡುವುದಕ್ಕೆ ಬಾಯಿ ಬಿಟ್ಟೆ, ಇದನ್ನು ಹೇಳುವುದಕ್ಕೆ ಬಿಡಲಿಲ್ಲ.

ಆಗ ಕೆಂಗಲ್ ಸುತ್ತಮುತ್ತಲ ಹೊಲಗಳಿಗೆ ಒಂದೊಂದಾಗಿ ಕಾಂಪೌಂಡು ಏಳುತ್ತಿತ್ತು. ನನ್ನ ಓರಗೆಯವರೆಲ್ಲ ಬಿಡದಿ ಕಡೆಯ ಫ್ಯಾಕ್ಟರಿಗಳಿಗೆ ಕಂಪನಿ ಬಸ್ಸು ಹತ್ತಿದರು. ನಾನು ಹತ್ತಲಿಲ್ಲ. ಆರ್ಕೆಸ್ಟ್ರಾದವರ ಹಿಂದೆ ಅಲೆಯದೆ, ಯಾವ ಕ್ಯಾಸೆಟ್ ಕಂಪನಿಯ ಬಾಗಿಲನ್ನೂ ಕಾಯದೆ, ನಾನೇ ಬರೆದು, ನಾನೇ ಹಾಡಿ, ನಾನೇ ಸಿಡಿ ಮಾಡಿ ರಾಮನಗರ, ಚನ್ನಪಟ್ಟಣ, ಮಾಗಡಿಯ ಅಂಗಡಿಗಳಿಗೆ ಹಾಕಬೇಕು — ಇದು ನನ್ನ ಪ್ಲಾನು. ನೋಟ್‌ಬುಕ್ಕಿನಲ್ಲಿ ಪುಟಗಟ್ಟಲೆ ಬರೆದಿಟ್ಟಿದ್ದೆ. ಅಣ್ಣ ಓದಿ ನಕ್ಕಿದ್ದ. ಅವನನ್ನು ಒಪ್ಪಿಸಿದವರು ಅತ್ತಿಗೆ.

"ಈ ಬೆಳೆ ಗೂಡು ಕಟ್ಟೋಗಂಟ ಹಾಡ್ಲಿ ಬುಡಿ. ಆಮ್ಯಾಕೆ ನೋಡಾಣ."

ನನಗೆ ಬೇಕಿದ್ದದ್ದು ಸದ್ದಿಲ್ಲದ ಒಂದು ಕೋಣೆ. ಮನೆಯ ಮುಂದೆಯೇ ಜಲ್ಲಿ ಲಾರಿಗಳು ಸಾಲು ಹಿಡಿದು ಓಡುತ್ತಿದ್ದವು. ಹಿತ್ತಲಿನ ಹುಳುಮನೆಗೆ ಗೋಡೆ ದಪ್ಪ, ಆದರೆ ಹುಳು ಸೊಪ್ಪು ಮೇಯುವಾಗ ಮಳೆ ಹನಿದಂತೆ ಸದ್ದು. ಪೊರೆ ಬಿಡುವ ಮುನ್ನ ಅವು ಮೇವು ನಿಲ್ಲಿಸಿ ಒಂದು ದಿನ ಅಲುಗದೆ ಕೂರುತ್ತವೆ. ನಮ್ಮ ಕಡೆ ಅದನ್ನು ಜ್ವರ ಅನ್ನುತ್ತಾರೆ. ಆ ದಿನ ಸೊಪ್ಪು ಹಾಕುವಂತಿಲ್ಲ, ಒಳಗೆ ಯಾರೂ ಹೋಗುವುದಿಲ್ಲ. ನಾಲ್ಕನೇ ಜ್ವರದ ಸಂಜೆ — ಅಣ್ಣ ತೋಟದಲ್ಲಿ, ಅಮ್ಮ, ಅತ್ತಿಗೆ ಮದುವೆಮನೆಯಲ್ಲಿ — ಸ್ನೇಹಿತನ ರೆಕಾರ್ಡರ್ ಹಿಡಿದು ಒಳಹೊಕ್ಕೆ. ಸೊಳ್ಳೆ ಮುತ್ತಿಕೊಂಡವು. ಹಾಡುವಾಗ ಕೈ ಬೀಸುವ ಹಾಗಿಲ್ಲ. ಸೊಳ್ಳೆಬತ್ತಿ ಹಚ್ಚಿದೆ. ಹುಳು ಸಾಕುವ ಮನೆಯಲ್ಲಿ ಹುಟ್ಟಿದವನಿಗೆ ಅದರ ಹೊಗೆ ಹುಳಕ್ಕೆ ವಿಷವೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಒಂದೇ ಹಾಡು ತಾನೆ, ಅಂದುಕೊಂಡೆ —

ಹಾಡು ಚೆನ್ನಾಗಿ ಬಂತು. ಬತ್ತಿಯ ಬೂದಿ ಬಳಿದು, ವಾಸನೆ ಹೋಗಲೆಂದು ಕಿಟಕಿ ತೆರೆದಿಟ್ಟೆ.

ಮದುವೆಯಿಂದ ಬಂದ ಅತ್ತಿಗೆ ಹುಳುಗಳ ಮೇಲಿನ ಅಕ್ಕರೆಗೆ ತಲೆಯ ಹೂವನ್ನೂ ತೆಗೆಯದೆ ಒಳಗೆ ಹೋಗಿ ನೋಡಿ ಬಂದರು. ಬೆಳಿಗ್ಗೆ ಹುಳುಗಳು ತಲೆ ಹೊಯ್ದಾಡಿಸಿ ವಾಂತಿ ಮಾಡುತ್ತಿದ್ದವು. ಮರುದಿನಕ್ಕೆ ಒಂದು ತಟ್ಟೆ ಹುಳುವೂ ಉಳಿಯಲಿಲ್ಲ.

"ಗಮಗಮ ಅನ್ನೋ ಹೂ ಮುಡ್ಕಂಡು ಹುಳಿನ ಮನೆಗೆ ನುಗ್ಬುಟ್ಳು, ಇನ್ನೇನಾದಾತು?" ಅಂದಳು ಅಮ್ಮ.

ಅಣ್ಣ ನನ್ನ ಕಡೆ ತಿರುಗಿದ. "ನೀನೇನಾರ ಒಳಿಕ್ಕೆ ಹೋಗಿದ್ಯೇನ್ಲಾ?"

"ಇಲ್ಲ ಕಣಣ್ಣ."

ಹೌದೆಂದಿದ್ದರೆ ನನ್ನ ಹಾಡು ಅವತ್ತಿಗೇ ಮುಗಿಯುತ್ತಿತ್ತು. ಆ ಹಾಡಿಗಾಗಿ ನನ್ನ ಪರ ನಿಂತವರನ್ನೇ ಬಲಿಕೊಟ್ಟೆ. ಅತ್ತಿಗೆ ವಾದಿಸಲಿಲ್ಲ, ತಮ್ಮಿಂದಲೇ ಆಯಿತೆಂದು ನಂಬಿಬಿಟ್ಟರು. ಅಲ್ಲಿಂದಾಚೆಗೆ ಅಮ್ಮ ಅವರನ್ನು ಹುಳುಮನೆಯೊಳಗೆ ಬಿಡಲಿಲ್ಲ. ಊರಿನಲ್ಲೇ ಹುಳು ಸಾಕುವುದರಲ್ಲಿ ಎತ್ತಿದ ಕೈ ಅವರದು — ಅದು ಹೊಸಿಲಾಚೆಯಿಂದ ಸೊಪ್ಪು ತುಂಬಿದ ಮಂಕರಿ ಕೊಡುವಷ್ಟಕ್ಕೆ ಬಂತು. ಸಂಪಿಗೆಯನ್ನಂತೂ ಮತ್ತೆ ಮುಡಿಯಲಿಲ್ಲ.

ನನಗೆ ಹೆಸರು ತಂದದ್ದು ಅದೇ ಹಾಡು. ಅದರ ಮೊದಲಿಗೆ ಬೆಂಕಿಕಡ್ಡಿ ಗೀರಿದ ಸದ್ದಿದೆ. ಎಂಥಾ ಐಡಿಯಾ ಎಂದು ಹೊಗಳಿದವರಿದ್ದಾರೆ. ನಾನೂ ಹಲ್ಲು ಬಿಟ್ಟು ನಿಂತಿದ್ದೇನೆ, ನಾಚಿಕೆಗೆಟ್ಟವನು.

ಹೋದ ತಿಂಗಳು ಅತ್ತಿಗೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಾಗ ಎಲ್ಲ ಹೇಳಿಬಿಟ್ಟೆ. ಬೈಯಲಿ ಎಂದು ಕಾದೆ. ಅವರು ಕೈಲಿದ್ದ ಕಾಯಿ ಕೆಳಗಿಟ್ಟು ಕೇಳಿದರು:

"ಅಂಗಾರೆ ಅವು ಸತ್ತಿದ್ದು ನನ್ನಿಂದ ಅಲ್ವಾ?"

ಅಲ್ಲ ಅಂದೆ. ಮತ್ತೆ ಕೇಳಿದರು. ಮತ್ತೆ ಅಂದೆ. ಸೆರಗಿನಿಂದ ಮುಖ ಒರೆಸಿಕೊಂಡರು. "ನಿಮ್ಮಣ್ಣಂಗೂ ಅತ್ತೆಗೂ ನೀನೇ ಯೋಳು. ನನ್ನ ಮುಂದೇನೇ."

ಹೇಳಿದೆ. ಅಮ್ಮ ಎದ್ದು ಹೋಗಿ, ಹುಳುಮನೆಯ ಬೀಗದಕೈ ತಂದು ಅತ್ತಿಗೆಯ ಮಡಿಲಿಗೆ ಹಾಕಿದಳು. ಅಣ್ಣ ಅಂದಿನಿಂದ ನನ್ನನ್ನು ಮಾತಾಡಿಸಿಲ್ಲ, ಅದು ಸರಿಯೇ. ಆದರೂ ಎದೆಯ ಮೇಲಿದ್ದ ಕಲ್ಲು ಇಳಿದಿದೆ, ಸುಳ್ಳು ಹೇಳಲಾರೆ. ಅದು ಮೊದಲು ಅತ್ತಿಗೆಯ ಎದೆಯಿಂದ ಇಳಿಯಬೇಕಿತ್ತು, ಅದೂ ಆ ಬೆಳಿಗ್ಗೆಯೇ.

ಈಗ ಹೊಸ ಬೆಳೆ ಮೇಯುತ್ತಿದೆ. ಒಳಗೆ ಅತ್ತಿಗೆ ಇದ್ದಾರೆ. ಹೊಸಿಲಾಚೆ ಮಂಕರಿ ಹಿಡಿದು ನಿಲ್ಲುವವನು ನಾನು.