ಬಾಡಿಗೆಯ ಧಾರೆಸೀರೆ

ಪೊಳಲಿಯಲ್ಲಿ ದೇವಸ್ಥಾನದಿಂದ ಹೊಳೆಗಿಳಿಯುವ ದಾರಿಯಲ್ಲಿ ನೀಲಾವತಿಯಕ್ಕನ ಹುಲ್ಲು ಮಾಡಿನ ಮನೆ. ಗಂಡ ದೂಮಪ್ಪಣ್ಣ ಬೊಂಬಾಯಿಯ ಹೋಟೆಲೊಂದರಲ್ಲಿ ದೋಸೆ ಹೊಯ್ಯುವವನು. ಮೊದಲೆಲ್ಲ ಮಳೆಗಾಲಕ್ಕೊಮ್ಮೆ ಊರಿಗೆ ಬರುತ್ತಿದ್ದ, ಆಮೇಲೆ ಅದೂ ನಿಂತಿತು. ಹಣ ಕಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಚಾಪೆ ಬಿಟ್ಟು ಏಳಲಾಗದ ಅತ್ತೆ, ಶಾಲೆಗೆ ಹೋಗುವ ಮಗಳು ಕುಸುಮ. ಮೂರು ಹೊಟ್ಟೆ ತುಂಬಬೇಕಲ್ಲ, ಗಾಳಿ ಕುಡಿದು ಬದುಕಲಾಗುತ್ತದೆಯೇ?

ಆ ಮನೆಯಲ್ಲಿ ಉಪಯೋಗಕ್ಕಿಲ್ಲದೆ ಬಿದ್ದದ್ದು ಎರಡೇ. ಗಂಡ ಬಂದರೆ ಮಲಗಲಿ ಎಂದು ಖಾಲಿ ಬಿಟ್ಟ ಎದುರಿನ ಕೋಣೆ ಒಂದು. ಅವಳ ಮದುವೆಗೆ ಅವನು ಬೊಂಬಾಯಿಯಿಂದಲೇ ತಂದ, ಒಂದೇ ಸಲ ಉಟ್ಟು ಮಡಚಿಟ್ಟ ಕೆಂಪು ಜರಿಸೀರೆ ಇನ್ನೊಂದು. ಮನೆಯೆದುರು ಚಪ್ಪರ ಹಾಕುವಷ್ಟು ಅಂಗಳವಿಲ್ಲದ ಬಡವರು ದೂರದಿಂದ ನಡೆದುಕೊಂಡು ಬಂದು ದೇವಸ್ಥಾನದಲ್ಲಿ ಮದುವೆ ಮುಗಿಸುತ್ತಿದ್ದ ಕಾಲ ಅದು. ಒಂದು ದಿನ ಹೀಗೆ ಬಂದ ಮದುಮಗಳೊಬ್ಬಳು ಗೇರುಮರದ ಮರೆಯಲ್ಲಿ ನಿಂತು ಸೀರೆ ಬದಲಿಸುವುದನ್ನು ನೀಲಾವತಿಯಕ್ಕ ಕಂಡಳು.

"ಅಯ್ಯೋ ದೇವರೇ, ಒಳಗೆ ಬಾ ಮಗಾ. ನನ್ನದೊಂದು ಸೀರೆ ಉಂಟು, ಉಡಿಸ್ತೇನೆ" ಎಂದು ಕರೆದಳು.

ಹೋಗುವಾಗ ಆ ಹುಡುಗಿಯ ಅಪ್ಪ ಜಗಲಿಯಲ್ಲಿ ಒಂದಿಷ್ಟು ಅಕ್ಕಿ, ಒಂದು ತೆಂಗಿನಕಾಯಿ ಇಟ್ಟು ಹೋದ. ಅಂದಿನಿಂದ ಸುರುವಾಯಿತು. ಮದುವೆಯ ತಿಂಗಳುಗಳಲ್ಲಿ ಕೋಣೆಯೂ ಸೀರೆಯೂ ಬಾಡಿಗೆಗೆ ಹೋದವು, ಮನೆಯಲ್ಲಿ ಎರಡು ಹೊತ್ತು ಗಂಜಿ ಬೆಂದಿತು.

ಜನ ಸೀರೆಗೆ ಮಾತ್ರ ಬರುತ್ತಿದ್ದರು ಎಂದುಕೊಳ್ಳಬೇಡಿ. ಹೂ ಮುಡಿಸಿ ಹಣೆಗೆ ಕುಂಕುಮ ಇಡುವುದು ಅವಳ ಕೈಯೇ ಆಗಬೇಕಿತ್ತು. ಸುಮಂಗಲಿಯ ಧಾರೆಸೀರೆ, ಸುಮಂಗಲಿಯ ಕೈ. ಅದೇ ಸೀರೆ ಗಂಡ ಸತ್ತವಳ ಪೆಟ್ಟಿಗೆಯದ್ದಾದರೆ, ಬಿಟ್ಟಿ ಕೊಟ್ಟರೂ ಯಾವ ತಾಯಿಯೂ ಮಗಳ ಮೈಗೆ ಸೋಕಿಸುತ್ತಿರಲಿಲ್ಲ.

ನನ್ನ ಮದುವೆ ಐವತ್ತೆಂಟರ ಬೇಸಿಗೆಯಲ್ಲಿ. ಅಮ್ಮುಂಜೆಯ ನಮ್ಮ ಮನೆಯಿಂದ ಬೆಳಿಗ್ಗೆಯೇ ಹೊರಟು ನೀಲಾವತಿಯಕ್ಕನ ಕೋಣೆಯಲ್ಲಿ ಕೂತಿದ್ದೆ. ಸೀರೆ ಉಡಿಸಿ ಆಗಿತ್ತು. ಮಲ್ಲಿಗೆ ಕೈಯಲ್ಲಿ ಹಿಡಿದು ಜಡೆಯ ಹತ್ತಿರ ಬಂದವಳನ್ನು ಅಂಗಳದಿಂದ ಯಾರೋ ಕರೆದರು. ದೂಮಪ್ಪಣ್ಣನ ಹೋಟೆಲಿನಲ್ಲೇ ಕೆಲಸಕ್ಕಿದ್ದ, ಬೆಳ್ತಂಗಡಿ ಕಡೆಯ ಹುಕ್ರಪ್ಪಣ್ಣ. ಅವಳು ಹೂ ಹಿಡಿದುಕೊಂಡೇ ಹೊರಗೆ ಹೋದಳು. ಕಿಟಕಿಯಿಂದ ನನಗೆ ಮಾತು ಕೇಳಲಿಲ್ಲ, ಅವನು ಹೆಗಲ ಮೇಲಿನ ಬೈರಾಸಿನಿಂದ ಕಣ್ಣು ಒರಸಿದ್ದು ಮಾತ್ರ ಕಂಡಿತು. ಅವಳು ಅತ್ತೆ ಮಲಗಿದ್ದ ಕಡೆ ತಿರುಗಿ ನೋಡಿ, ತುಟಿಯ ಮೇಲೆ ಬೆರಳಿಟ್ಟು, ಅವನನ್ನು ಸೀದಾ ಕಳಿಸಿಬಿಟ್ಟಳು.

"ಯಾರಕ್ಕ ಅದು?" ಎಂದೆ.

"ಬೊಂಬಾಯಿಯವರು. ಕುಸುಮನ ಅಪ್ಪನ ಸುದ್ದಿ ತಂದದ್ದು. ನೀನು ತಲೆ ಅಲ್ಲಾಡಿಸಬೇಡ ಮಾರಾಯ್ತಿ, ಹೂ ಜಾರ್ತದೆ."

ಕುಂಕುಮ ಇಡುವಾಗ ಒಂದಿಷ್ಟು ನನ್ನ ಮೂಗಿನ ಮೇಲೆ ಉದುರಿತು. ಗಂಡನ ಪ್ರೀತಿ ಜಾಸ್ತಿ ಸಿಗುತ್ತದೆ ಎಂದು ಅಮ್ಮ ನಕ್ಕಳು, ನಾನೂ ನಾಚಿ ನಕ್ಕೆ. ಹುಕ್ರಪ್ಪಣ್ಣ ತಂದದ್ದು ದೂಮಪ್ಪಣ್ಣ ಸತ್ತ ಸುದ್ದಿ. ನಮಗೆ ತಿಳಿದದ್ದು ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ.

ಮಳೆ ಹಿಡಿಯುವವರೆಗೂ ಅವಳು ಮದುಮಕ್ಕಳನ್ನು ಶೃಂಗರಿಸಿದಳು, ತನ್ನ ಹಣೆಯಲ್ಲೂ ಕುಂಕುಮ ಇಟ್ಟುಕೊಂಡೇ. ಅಳಲಿಲ್ಲವೇ ಎಂದು ಕೇಳುತ್ತೀರಾ? ಎಲ್ಲಿ ಅಳುವುದು? ಅತ್ತೆಗೆ ಗೊತ್ತಾದರೆ ಮುದುಕಿ ಬೊಬ್ಬೆ ಹಾಕುತ್ತಾಳೆ, ಬೊಬ್ಬೆ ದಾರಿಯವರೆಗೆ ಕೇಳುತ್ತದೆ, ಮರುದಿನದಿಂದ ಒಲೆ ಉರಿಯುವುದಿಲ್ಲ. ಗಂಡನಂತೂ ಹೋದ, ಗಂಜಿಯೂ ಹೋಗಬೇಕಿತ್ತೇ?

ಆಟಿಯಲ್ಲಿ ನಮ್ಮ ಕಡೆ ಮದುವೆಗಳಿಲ್ಲ. ಹೊಸತಾಗಿ ಮದುವೆಯಾದವಳು ಆ ತಿಂಗಳು ತವರಿನಲ್ಲಿರಬೇಕು. ಅಳದಂಗಡಿಯ ಗಂಡನ ಮನೆಯಿಂದ ನಾನೂ ಬಂದಿದ್ದೆ. ಮನೆಯ ಸತ್ತವರಿಗೆ ಬಡಿಸುವುದೂ ಆಟಿಯಲ್ಲೇ. ಸತ್ತ ಒಬ್ಬೊಬ್ಬರಿಗೂ ಒಂದೊಂದು ಬಾಳೆಯೆಲೆ ಹಾಕಿ, ಅನ್ನ ಪದಾರ್ಥ ಇಟ್ಟು ಬಾಗಿಲು ಎಳೆದುಕೊಳ್ಳುತ್ತೇವೆ. ಎಲೆ ಹಾಕದಿದ್ದರೆ ಸತ್ತವರು ಹಸಿದುಕೊಂಡು ತಿರುಗುತ್ತಾರೆ ಎಂದು ನಂಬಿದವರು ನಾವು. ನೀಲಾವತಿಯಕ್ಕನ ಮನೆಯಲ್ಲಿ ಯಾವಾಗಲೂ ಎರಡು ಎಲೆ, ಒಂದು ಮಾವನಿಗೆ, ಒಂದು ಸಣ್ಣದರಲ್ಲೇ ತೀರಿಹೋದ ಮೈದುನನಿಗೆ. ಆ ಸಲ ಅವಳು ಮೂರು ಹಾಕಿದಳು.

ಅತ್ತೆ ಚಾಪೆಯಿಂದಲೇ ನೋಡಿದಳು. "ಇದು ಯಾರ ಎಲೆ ಮಗಾ?"

ಒಂದು ಸುಳ್ಳು ಹೇಳಿದ್ದರೆ ಆಗುತ್ತಿತ್ತು. ಊರಿಗೆಲ್ಲ ಸುಳ್ಳು ಹೇಳಿದವಳಿಗೆ ಅದೇನು ಕಷ್ಟ! ಆದರೆ ಯಾರ್ಯಾರದೋ ಹೊಟ್ಟೆಗೆ ದೋಸೆ ಹೊಯ್ದು ಸತ್ತವನ ಎಲೆಯನ್ನು ಬೇರೆಯವರದ್ದೆನ್ನಲು ಅವಳಿಗೆ ಬಾಯಿ ಬರಲಿಲ್ಲ.

"ನಿಮ್ಮ ಮಗನದ್ದು ಅತ್ತೆ" ಎಂದಳು.

ಮುದುಕಿಯ ಕೂಗು ಹೊಳೆಯಾಚೆಗೂ ಕೇಳಿತಂತೆ. ಬೆಳಗಾಗುವಾಗ ಹೆಂಗಸರು ಬಂದರು. ಸಮಾಧಾನ ಹೇಳಲಿಕ್ಕಲ್ಲ! ಹುಕ್ರಪ್ಪಣ್ಣ ಬಂದುಹೋದದ್ದು ಯಾವಾಗ ಎಂದು ಕುಸುಮನನ್ನು ಹೆದರಿಸಿ ಬಾಯಿ ಬಿಡಿಸಿದರು, ಆಮೇಲೆ ಮದುವೆಯಾದವರು ಯಾರ್ಯಾರೆಂದು ಲೆಕ್ಕ ಹಾಕಿದರು. ಒಬ್ಬಳ ಮಗಳಿಗೆ ಬಸಿರು ಇಳಿದದ್ದು ಇವಳಿಂದ. ಇನ್ನೊಬ್ಬಳ ಅಳಿಯ ಕುಡಿಯಲು ಕಲಿತದ್ದು ಇವಳಿಂದ. ಆ ಅಳಿಯ ಮೀಸೆ ಬರುವ ಮೊದಲೇ ಕುಡಿಯುತ್ತಿದ್ದ ಎಂದು ನನಗೆ ಗೊತ್ತು, ಬಿಡಿ. ಎಲ್ಲರಿಗಿಂತ ದೊಡ್ಡ ಗಂಟಲು ನನ್ನ ಅಮ್ಮನದ್ದು.

"ನನ್ನ ಮಗಳ ಹಣೆಗೆ ಮುಂಡೆಯ ಕೈಯಿಂದ ಕುಂಕುಮ ಇಟ್ಟಿಯಲ್ಲ! ನಿನಗೆ ಮಗಳಿಲ್ಲವಾ?"

ಸೀರೆಯನ್ನು ಹೊಳೆಗೆ ಬಿಡು ಎಂದರು. ನೀಲಾವತಿಯಕ್ಕ ತಂದಳು, ನೆರೆನೀರಿಗೆ ಬಿಟ್ಟಳು. ಅಲ್ಲೇ ಮೊಣಕಾಲೂರಿ ಹಣೆ ತೊಳೆದುಕೊಂಡಳು. ಆಮೇಲೆ ಎಲ್ಲರೂ ಅಡುಗೆಗೆ ಹೊತ್ತಾಯಿತೆಂದು ಮನೆಗೆ ಹೋದರು. ಥೂ, ಈಗಲೂ ನೆನೆದರೆ ಮೈ ಉರಿಯುತ್ತದೆ. ನನ್ನ ಗಂಡ ಕಲ್ಲುಗುಂಡಿನ ಹಾಗಿದ್ದಾನೆ, ಹತ್ತು ವರ್ಷವಾಯಿತು, ಇವತ್ತು ಬೆಳಿಗ್ಗೆಯೂ ಸಾರಿಗೆ ಉಪ್ಪು ಹೆಚ್ಚೆಂದು ಬೈದು ಹೋಗಿದ್ದಾನೆ.

ಆಟಿ ಮುಗಿಯುವ ಮೊದಲೇ ಆ ಎದುರಿನ ಕೋಣೆಯಲ್ಲಿ ಅಬ್ದುಲ್ಲ ಬ್ಯಾರಿ ಎಂಬ ವ್ಯಾಪಾರಿಯ ಒಣಮೀನಿನ ಮೂಟೆಗಳು ಬಾಡಿಗೆಗೆ ಬಂದವು. ಒಣಮೀನಿಗೆ ಸುಮಂಗಲಿ ಬೇಕಾಗಿಲ್ಲ. ಕುಸುಮ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತಳು.

ಗಂಡನ ಮನೆಗೆ ಹಿಂದಿರುಗುವ ಮುಂಚೆ, ಅಮ್ಮ ಬೇಡವೆಂದರೂ ಕೇಳದೆ, ನಾನು ಅಲ್ಲಿಗೆ ಹೋದೆ. ನೀಲಾವತಿಯಕ್ಕ ಜಗಲಿಯಲ್ಲಿ ಮೂಟೆಯ ಬಾಯಿ ಹೊಲಿಯುತ್ತಿದ್ದಳು. ನನ್ನನ್ನು ಕಂಡು ಸೆರಗಿನಿಂದ ಹಣೆ ಮುಚ್ಚಿಕೊಂಡಳು. ಹತ್ತಿರ ಕೂತೆ. ಇಷ್ಟು ದಿನ ಊರಿನಲ್ಲಿ ಯಾರೂ ಕೇಳದ ಒಂದು ಮಾತು ಕೇಳಿದೆ.

"ಅಕ್ಕ, ದೂಮಪ್ಪಣ್ಣನಿಗೆ ಎಂತ ಆಗಿತ್ತು?"

"ಗೊತ್ತಿಲ್ಲ."

"ಹುಕ್ರಪ್ಪಣ್ಣ ಹೇಳಲಿಲ್ಲವಾ?"

ಅವಳು ಸೂಜಿ ಕೆಳಗಿಟ್ಟಳು. "ಹೇಳಲಿಕ್ಕೆ ಸುರು ಮಾಡಿದ್ದ. ನಾನೇ ಹೋಗು ಎಂದೆ. ಮತ್ತೆ ಕೇಳುವ ಎಂದರೆ ಅವ ಬೊಂಬಾಯಿಗೆ ಹೋಗಿ ಆಗಿತ್ತು. ಒಳಗೆ ನಿನಗೆ ಹೂ ಮುಡಿಸಿ ಆಗಿರಲಿಲ್ಲ ಮಗಾ, ಮುಹೂರ್ತ ಹತ್ತಿರ ಬಂದಿತ್ತು."