ಬೆಳಗಿನ ಒಂಬತ್ತೂವರೆಯ ಗರಗರ

ದಾವಣಗೆರೆಯಲ್ಲಿ ನನ್ನಿಂದ ಟೋಪಿ ಹಾಕಿಸಿಕೊಳ್ಳದವರು ಯಾರಾದರೂ ಇದ್ದರೆ ಅವರು ಆಗಿನ್ನೂ ಹುಟ್ಟಿರಲಿಲ್ಲ ಎಂದೇ ಅರ್ಥ. ಇವತ್ತು ಟೆಲಿಫೋನ್ ತಂತಿಯೊಳಗೆ ನೀರು ಬಿಟ್ಟು ತೊಳೆಯುತ್ತಾರಂತೆ ಎಂದು ಹೇಳಿ, ನಾನು ಎಲೆಕ್ಟ್ರಿಷಿಯನ್ ಆಗಿದ್ದ ಕಾಟನ್ ಮಿಲ್ಲಿನ ಹೆಡ್ ಗುಮಾಸ್ತರನ್ನು ರಿಸೀವರಿನ ಕೆಳಗೆ ಬಕೆಟ್ ಹಿಡಿಸಿ ನಿಲ್ಲಿಸಿದವನು ನಾನು. ಮಿಲ್ಲು ಮುಚ್ಚಿದ ಮೇಲೆ ಬೇರೆ ಎಲೆಕ್ಟ್ರಿಷಿಯನ್‌ಗಳು ಮೋಟಾರು ಸುತ್ತಲು ಹೋದರು. ನಾನು ಕಂಪ್ಯೂಟರ್ ರಿಪೇರಿ ಕಲಿತೆ. ತೊಂಬತ್ತರ ದಶಕದ ಕೊನೆಯಲ್ಲಿ ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂದರೆ ಏನೆಂದು ಇಡೀ ಸೀಮೆಯಲ್ಲಿ ಬಲ್ಲವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬ ಹರಿಹರದ ನನ್ನ ಗೆಳೆಯ. ಅವನಿಗೂ ಕಲಿಸಿದ್ದು ನಾನೇ ಎಂದು ಹೇಳಿಕೊಳ್ಳುತ್ತೇನೆ. ಅಲ್ಲವೆನ್ನಲು ಅವನು ಈಗ ಇಲ್ಲ.

ಹರಿಹರದ ಸ್ಟೇಷನ್ ರಸ್ತೆಯಲ್ಲಿ ಅವನದು ಕ್ಯಾಸೆಟ್ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಕ್ಯಾಸೆಟ್ಟಿನ ಕಾಲ ಮುಗಿಯಿತೆಂದು ಎಲ್ಲರಿಗಿಂತ ಮೊದಲು ಮೂಸಿ ನೋಡಿದವನಂತೆ ಒಂದು ಸಿಡಿ ರೈಟರ್ ತಂದು ಕೂರಿಸಿದ. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಲಿನಕ್ಸ್ ಹಾಕಿ, ಇಂಡಸ್ಟ್ರಿಯಲ್ ಏರಿಯಾದ ಸಣ್ಣ ಸಣ್ಣ ವರ್ಕ್‌ಶಾಪಿನವರ ಡ್ರಾಯಿಂಗುಗಳನ್ನು ಸಿಡಿಗೆ ಇಳಿಸಿಕೊಡುವ ಕೆಲಸ ಹಿಡಿದ. ಆಯುಧ ಪೂಜೆಯ ದಿನ ಅವನು ಕಂಪ್ಯೂಟರಿಗೆ ಕರ್ಪೂರ ಬೆಳಗುವ ಹೊತ್ತಿಗೆ ಸಿಡಿ ಟ್ರೇ ತಾನಾಗಿ ಹೊರಗೆ ಬರುವಂತೆ ನಾನು ಮೊದಲೇ ಆದೇಶ ಕೂರಿಸಿಟ್ಟಿದ್ದೆ. ದೇವರೇ ಕೈ ಚಾಚಿದನೆಂದು ಅವನ ತಾಯಿ ಟ್ರೇ ಮೇಲೆ ಬಾಳೆಹಣ್ಣಿನ ಚೂರು ಇಟ್ಟರು. ಅವನು ನನ್ನನ್ನು ರೈಲ್ವೆ ಗೇಟಿನ ತನಕ ಅಟ್ಟಿಸಿಕೊಂಡು ಬಂದಿದ್ದ.

ಮುಂದಿನ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ ಎದೆ ನೋವೆಂದು ಮಲಗಿದವನು ಏಳಲಿಲ್ಲ.

ಅಂಗಡಿಯನ್ನು ಅವನ ಹೆಂಡತಿ ನಡೆಸತೊಡಗಿದಳು. ಕಪ್ಪು ಪರದೆಯ ಮೇಲೆ ಯಾವ ಆದೇಶ ಟೈಪಿಸಿದರೆ ಸಿಡಿ ಬರೆಯುತ್ತದೆ ಎಂದು ಗಂಡನೇ ಹೇಳಿಕೊಟ್ಟಿದ್ದ. ಎರಡು ತಿಂಗಳಿಗೆ ಅವಳಿಂದ ಫೋನ್ ಬಂತು.

"ಅಣ್ಣಾರ, ಸಿಡಿ ಬರೆಯಾದು ಭಾಳ ನಿಧಾನ ಆಗೇತೆ. ಅದ್ರಾಗೆ ಬೆಳಗ್ಗೆ ಹಾಕಿದ್ದು ಒಂದೂ ಉಳಿಯಂಗಿಲ್ಲ, ನಡುವೆ ಸತ್ತು ಹೋಗ್ತಾವೆ. ಇದು ನಿಮ್ದೇ ಆಟ ಅಲ್ಲ ತಾನೇ?"

"ನಂದಾಗಿದ್ರೆ ಇಷ್ಟೊತ್ತಿಗೆ ಜಂಬ ಕೊಚ್ಕೊಂಡು ಊರೆಲ್ಲ ಹೇಳ್ತಿದ್ದೆ ತಂಗೀ" ಅಂದೆ.

ಮಧ್ಯಾಹ್ನವೇ ಹೋದೆ. ನಿಧಾನಕ್ಕೆ ಕಾರಣ ನನ್ನ ಕಣ್ಣಿಗೆ ಬೀಳಲು ಒಂದು ಚಹಾ ಕುಡಿಯುವಷ್ಟು ಹೊತ್ತು ಸಾಕಾಯಿತು. ಹಾರ್ಡ್ ಡಿಸ್ಕಿನಿಂದ ಬರುವ ಒಂದೊಂದು ತುಣುಕನ್ನೂ ಪ್ರೊಸೆಸರ್ ತಾನೇ ಹೊತ್ತು ತಂದು ರೈಟರಿಗೆ ಕೊಡುತ್ತಿತ್ತು. ಡಿಎಂಎ ಎಂಬ ನೇರ ದಾರಿ ಮುಚ್ಚಿತ್ತು. ಒಂದೇ ಸಾಲು ಟೈಪಿಸಿ ಅದನ್ನು ತೆರೆದೆ. ಆಮೇಲೆ ಹಾಕಿದ ಸಿಡಿ ಅರ್ಧ ಹೊತ್ತಿನಲ್ಲಿ ಬರೆದು ಮುಗಿಯಿತು. ನಾನು ಮೀಸೆ ತಿರುವಿದೆ. ಅವಳು ಮಾತ್ರ ನಗಲಿಲ್ಲ.

"ಮಧ್ಯಾಹ್ನ ಯಾವಾಗ್ಲೂ ಹಿಂಗೇ, ನಿಧಾನ ಆದ್ರೂ ಮುಗೀತೈತೆ. ಬೆಳಗ್ಗೆ ಬಂದು ನೋಡ್ರಿ."

ಮರುದಿನ ಬೆಳಗ್ಗೆ ಬಸ್ಸು ಹತ್ತಿ ಹೋದೆ. ಒಂಬತ್ತು ದಾಟಿದ ಮೇಲೆ ಅವಳು ಒಂದು ಸಿಡಿ ಹಾಕಿದಳು. ರೈಟರಿನ ಕೆಂಪು ದೀಪ ಕದಲದೆ ಉರಿಯುತ್ತಿತ್ತು. ಅಷ್ಟರಲ್ಲಿ ಮೆಟ್ಟಿಲಿಳಿದು ಗೆಳೆಯನ ತಾಯಿ ಬಂದರು. ಹಣೆತುಂಬ ವಿಭೂತಿ, ಒಂದು ಕೈಯಲ್ಲಿ ಚಹಾದ ಲೋಟ, ಇನ್ನೊಂದರಲ್ಲಿ ಖಾರ ಮಂಡಕ್ಕಿಯ ತಟ್ಟೆ. ನನಗೆ ಇರಬೇಕೆಂದು ಕೈ ಚಾಚಿದೆ. ಅವರು ನನ್ನನ್ನು ದಾಟಿ ಹೋಗಿ ಎರಡನ್ನೂ ಕೀಬೋರ್ಡಿನ ಪಕ್ಕ ಇಟ್ಟರು. ಕುರ್ಚಿ ಖಾಲಿಯೇ ಇತ್ತು. ಅದರ ಪಕ್ಕದಲ್ಲಿ ನೆಲದ ಮೇಲೆ ಕೂತರು.

ಯಾರೂ ಕೀಲಿ ಮುಟ್ಟಲಿಲ್ಲ. ಒಂಬತ್ತೂವರೆ ಆಗಿರಬೇಕು. ಡಬ್ಬದೊಳಗಿಂದ ಗರಗರ ಎಂದು ಶುರುವಾಯಿತು. ಹಾರ್ಡ್ ಡಿಸ್ಕಿನ ದೀಪ ಪಟಪಟನೆ ಮಿಟುಕಿತು. ಯಾರೋ ಆತುರಾತುರವಾಗಿ ಕಪಾಟಿನ ಒಂದೊಂದೇ ಖಾನೆ ಎಳೆದು ನೋಡಿ, ಮುಚ್ಚಿ, ಮತ್ತೊಂದನ್ನು ಎಳೆಯುವ ಹಾಗಿತ್ತು ಸದ್ದು. ರೈಟರ್ ಒಮ್ಮೆ ಮುಗ್ಗರಿಸಿತು, ನಿಂತಿತು. ಸಿಡಿ ಹೋಯಿತು.

"ಬಂದ" ಅಂದರು ಅಜ್ಜಿ, ನಗುತ್ತ. "ಅವ್ನು ಕೆಲ್ಸಕ್ಕೆ ಕುಂದ್ರಾ ಹೊತ್ತಿಗೆ ನಡುವೆ ಬ್ಯಾರೆಯವ್ರು ತಮ್ಮ ಕೆಲ್ಸ ಹಾಕಿದ್ರೆ ಕೆಡದೆ ಇರ್ತಾವೇನು?"

 ಅವನು ದಿನಾ ಅಂಗಡಿಗೆ ಇಳಿದು ಆ ಕುರ್ಚಿಯಲ್ಲಿ ಕೂರುತ್ತಿದ್ದದ್ದು ಅದೇ ಹೊತ್ತಿಗೆ. ಅದೇ ಚಹಾ, ಅದೇ ಮಂಡಕ್ಕಿ.

ಗೆಳೆಯನ ಹೆಂಡತಿ ನನ್ನನ್ನು ಹೊರಗಿನ ಕಟ್ಟೆಗೆ ಕರೆದಳು. "ಶ್ರಾವಣ ಬಂದ ಕೂಡ್ಲೆ ಅಂಗಡಿ ಮುಚ್ಚಿ, ಇದನ್ನ ನಮ್ಮ ಯಜಮಾನ್ರ ಪೂಜೆ ಕೋಣೆ ಮಾಡ್ತೀನಿ ಅಂತಾರೆ ನಮ್ಮತ್ತೆ. ಮನೆ ಅತ್ತೆ ಹೆಸರಿಗೆ ಐತೆ, ನಾನು ಏನಂತ ಅನ್ಲಿ? ಇದೊಂದು ಕೆಲ್ಸ ಬಿಟ್ರೆ ನಂಗೆ ಬ್ಯಾರೆ ಬರಂಗಿಲ್ಲ. ತವರಿಗೆ ಹೋಗಿ ನಮ್ಮ ಅಣ್ಣನ ಹೆಂಡ್ತಿ ಮುಂದೆ ತಟ್ಟೆ ಹಿಡೀಲಾ? ಯಜಮಾನ್ರೇ ಬರ್ತಾರೋ, ಇನ್ನೊಂದೋ, ನಂಗೊತ್ತಿಲ್ಲ ಅಣ್ಣಾರ. ನಂಗೆ ಬೆಳಗಿನ ಹೊತ್ತು ಬೇಕು."

ಒಳಗೆ ಸದ್ದು ಇನ್ನೂ ನಡೆದಿತ್ತು. ಅಜ್ಜಿಯ ಪಕ್ಕದಿಂದ ಬಗ್ಗಿ, ಆ ಕುರ್ಚಿಯಲ್ಲಿ ಕೂರದೆ, ನಿಂತೇ ಟೈಪಿಸಿದೆ. ಯಾಕೆ ಕೂರಲಿಲ್ಲ ಎಂದು ಕೇಳಬೇಡಿ. ಈಗ ಯಾವ ಯಾವ ಕೆಲಸ ಓಡುತ್ತಿವೆ ಎಂದು ಯಂತ್ರವನ್ನು ಕೇಳಿದೆ. ತನ್ನೊಳಗಿನ ಕಡತಗಳನ್ನೆಲ್ಲ ಒಂದೊಂದಾಗಿ ಹುಡುಕಿ ಪಟ್ಟಿ ಮಾಡುತ್ತಿದ್ದೇನೆ ಎಂದಿತು. ಲಿನಕ್ಸಿಗೆ ಆ ಅಭ್ಯಾಸ ಇತ್ತು. ಮನುಷ್ಯರು ಮಲಗಿರುವಾಗ, ಬೆಳಗಿನ ಜಾವ ನಾಲ್ಕಕ್ಕೆ, ತನ್ನಷ್ಟಕ್ಕೆ ತಾನು ಮನೆಯೆಲ್ಲ ತಿರುಗಿ ಎಣಿಸಿಕೊಳ್ಳುತ್ತದೆ. ಡಿಸ್ಕು ಆ ಎಣಿಕೆಯಲ್ಲಿ ಮುಳುಗಿದರೆ ರೈಟರಿಗೆ ಹೊತ್ತಿಗೆ ಸರಿಯಾಗಿ ತುಣುಕು ಸಿಗದೆ ಸಿಡಿ ಕೆಡುತ್ತದೆ. ಆದರೆ ಈಗ ರಸ್ತೆಯ ತುಂಬ ಬಿಸಿಲು. ಹೊತ್ತೆಷ್ಟು ಎಂದು ಕೇಳಿದೆ. ಬೆಳಗಿನ ಜಾವ ನಾಲ್ಕು ದಾಟಿದೆ ಎಂದು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಬಂತು.

ಗೆಳೆಯ ಲಿನಕ್ಸ್ ಹಾಕುವಾಗ ಯಾವ ದೇಶದ ಹೊತ್ತು ಎಂದು ಅದು ಕೇಳಿರುತ್ತದೆ. ಅವನು ನೋಡದೆ ಗ್ರೀನಿಚ್ ಹೊತ್ತನ್ನೇ ಬಿಟ್ಟಿದ್ದ. ನಮ್ಮ ಒಂಬತ್ತೂವರೆ ಅದಕ್ಕೆ ನಾಲ್ಕು. ಅಷ್ಟು ದಿನ ಆ ಡಬ್ಬದೊಳಗೆ ಬೇರೆ ಯಾವುದೋ ಊರಿನ ರಾತ್ರಿ ನಡೆದಿತ್ತು. ಅವನಿದ್ದಾಗ ಬರೆಯುವ ಕೆಲಸವನ್ನೆಲ್ಲ ಮಧ್ಯಾಹ್ನಕ್ಕೇ ಇಟ್ಟುಕೊಳ್ಳುತ್ತಿದ್ದನಾದ್ದರಿಂದ ಸಿಡಿ ಕೆಟ್ಟಿರಲಿಲ್ಲ.

ಇದನ್ನೇ ಅಜ್ಜಿಗೆ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿದರು.

"ಲೇ, ಫ್ರಿಜ್ಜಿಗೆ ಚಳಿ ಹತ್ತೇತೆ ಅಂತ ನನ್ ಕೈಲೆ ಕಂಬಳಿ ಹೊದಿಸಿದವ್ನು ನೀನು. ಈಗ ಹಗಲೊತ್ತನ್ನ ರಾತ್ರಿ ಅಂತೀಯಾ?"

ನೋಡಿ ನನ್ನ ಹಣೆಬರಹ. ಜೀವಮಾನದಲ್ಲಿ ಅಷ್ಟು ಶುದ್ಧವಾದ ನಿಜವನ್ನು ನಾನು ಯಾರಿಗೂ ಹೇಳಿರಲಿಲ್ಲ. ನಂಬಲು ಒಬ್ಬರಿಲ್ಲ. ಸೊಸೆಯೂ ನನ್ನ ಮುಖವನ್ನೇ ನೋಡುತ್ತಿದ್ದಳು, ಎಲ್ಲಿ ನಗು ಒಡೆಯುತ್ತದೋ ಎಂದು. ಬಾಯಿ ಮುಚ್ಚಿಕೊಂಡು ಯಂತ್ರದ ಗಡಿಯಾರವನ್ನು ನಮ್ಮ ದೇಶದ ಹೊತ್ತಿಗೆ ತಿರುಗಿಸಿ, ನಾಳೆ ಬರುತ್ತೇನೆಂದು ಹೊರಟೆ.

ಮರುದಿನವೂ ಅವಳು ಅದೇ ಹೊತ್ತಿಗೆ ಸಿಡಿ ಹಾಕಿದಳು. ಅಜ್ಜಿ ಲೋಟ, ತಟ್ಟೆ ಇಟ್ಟು ಕೂತರು. ಒಂಬತ್ತೂವರೆ ಬಂತು, ಹೋಯಿತು. ರೈಟರ್ ಮಾತ್ರ ಸಣ್ಣಗೆ ಸುಂಯ್ ಎನ್ನುತ್ತಿತ್ತು. ಮೂವರೂ ಖಾಲಿ ಕುರ್ಚಿಯನ್ನು ನೋಡುತ್ತ ಕೂತೆವು.  ಗೆದ್ದವನಂತೆ ಅನ್ನಿಸಬೇಕಿತ್ತು. ಯಾರನ್ನೋ ಬಾಗಿಲ ಹೊರಗೆ ಹಾಕಿ ಚಿಲಕ ಜಡಿದವನಂತೆ ಅನ್ನಿಸಿತು. ಚಹಾದ ಮೇಲೆ ಕೆನೆ ಕಟ್ಟಿತು. ಸಿಡಿ ಬರೆದು ಮುಗಿದು ಟ್ರೇ ಹೊರಗೆ ಬಂದಾಗ ನಾನೇ ಬೆಚ್ಚಿಬಿದ್ದೆ.

ಅಜ್ಜಿ ನನ್ನ ಕಡೆ ತಿರುಗಿದರು. "ಎಲ್ಲಿಗೆ ಕಳಿಸ್ದೆ ಅವನ್ನ?"

ನಾಲಿಗೆಯ ತುದಿಗೆ ಎಷ್ಟೋ ಕೀಟಲೆ ಬಂದವು. ಒಂದೂ ಹೊರಗೆ ಬೀಳಲಿಲ್ಲ. "ಬೆಳಗಿನ ಜಾವ ನಾಕಕ್ಕೆ ಹಾಕೀನಿ ಅವ್ವಾ."

"ಆವಾಗ ಮಿಷನ್ ಬಂದ್ ಇರ್ತೈತಲ್ಲೋ. ಅಷ್ಟು ದೂರದಿಂದ ಬಂದವ್ನು ಕತ್ಲಾಗೆ ನಿಂತು ವಾಪಸ್ ಹೋಗ್ಬೇಕಾ?"

 ಉತ್ತರ ಕೊಟ್ಟವಳು ಸೊಸೆ. ಸಿಡಿಯನ್ನು ಕವರಿಗೆ ಹಾಕುತ್ತ, ತಲೆಯೆತ್ತದೆ ಅಂದಳು: "ಇವತ್ತಿಂದ ರಾತ್ರಿ ನಾನು ಬಂದ್ ಮಾಡಂಗಿಲ್ಲ ಅತ್ತೆ. ಆ ಹೊತ್ತು ನಿಮ್ದು, ಅವರದು. ನೀವು ಕೆಳಗೆ ಬಂದು ಕೂತ್ರೆ ನಾನು ಯಾಕ ಅಂತ ಕೇಳಂಗಿಲ್ಲ. ಬೆಳಕು ಹರಿದ ಮ್ಯಾಲೆ ಅಂಗಡಿ ನಂದು. ಮುಚ್ಚಾ ಮಾತು ಬ್ಯಾಡ."

 ಅಜ್ಜಿ ಆ ಲೋಟ ಎತ್ತಿ ನನ್ನ ಕೈಗೆ ಕೊಟ್ಟರು. "ತಗ, ಕುಡಿ. ಅವ್ನಿಗಂತ ಮಾಡಿದ್ದು, ಚೆಲ್ಲಬಾರ್ದು." ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದೆ. ಅವನ ಚಹಾಕ್ಕೆ ಸಕ್ಕರೆ ನನ್ನದಕ್ಕಿಂತ ಹೆಚ್ಚು.

ಶ್ರಾವಣ ಬಂತು, ಹೋಯಿತು. ಅಂಗಡಿಯ ಬಾಗಿಲು ತೆರೆದೇ ಇತ್ತು. ದೀಪಾವಳಿ ಕಳೆದ ಮೇಲೆ ಒಮ್ಮೆ ಹೋದಾಗ ಅವಳು ಎರಡನೆಯ ರೈಟರ್ ಹಾಕಿಸಿದ್ದಳು. ಅವಳ ಮಾತಿನಲ್ಲಿ ಯಜಮಾನಿಕೆ ಬಂದಿತ್ತು. ಅಜ್ಜಿ ಹೆಂಗಿದ್ದಾರೆ ಅಂದೆ.

"ಆರಾಮದಾರೆ. ನಾಕಕ್ಕೆ ಇಳೀತಾರೆ. ಮೇಲೆ ಮಲಗಿದ್ರೆ ನಂಗೆ ಕೇಳಸ್ತೈತೆ. ಮಾತಾಡ್ತಾರೆ, ಸುಮ್ಕಾಗ್ತಾರೆ, ಆಮೇಲೆ ಹ್ಞೂಂ ಅಂತಾರೆ." ಖಾಲಿ ಸಿಡಿಯೊಂದನ್ನು ಬೆಳಕಿಗೆ ಹಿಡಿದು ನೋಡಿದಳು. "ಹೋದ ಸೋಮವಾರ ರಾತ್ರೆಲ್ಲಾ ಕರೆಂಟ್ ಇರ್ಲಿಲ್ಲ ಅಣ್ಣಾರ. ಆದ್ರೂ ಗರಗರ ಕೇಳ್ತು."

"ಯುಪಿಎಸ್ ಬ್ಯಾಟ್ರಿ ಐತಲ್ಲ."

"ಅದಕ್ಕೂ ಮೊದ್ಲೇ ರಿಪೇರಿಗೆ ಕೊಟ್ಟೀನಿ. ನಿಮ್ಮ ದಾವಣಗೆರೆಗೇ."

ನಾನು ಗಹಗಹಿಸಿ ನಕ್ಕೆ. "ನಂಗೇ ಟೋಪಿ ಹಾಕ್ತೀಯೇನು ತಂಗೀ?"

ಅವಳು ನಗಲೂ ಇಲ್ಲ, ಇಲ್ಲ ಎನ್ನಲೂ ಇಲ್ಲ. ಸುಳ್ಳು ಹೇಳುವವರ ಮುಖವನ್ನು ಓದುವುದರಲ್ಲಿ ನನಗಿಂತ ಪಂಡಿತ ಈ ಜಿಲ್ಲೆಯಲ್ಲಿಲ್ಲ. ಹುಬ್ಬು ನೋಡಿದೆ, ತುಟಿ ನೋಡಿದೆ, ಕತ್ತಿನ ನರ ನೋಡಿದೆ. ಏನೂ ಸಿಗಲಿಲ್ಲ. ಯಂತ್ರ ತಾನು ಯಾವಾಗ ಯಾವ ಕೆಲಸ ಮಾಡಿದೆನೆಂದು ಬರೆದಿಟ್ಟುಕೊಳ್ಳುತ್ತದೆ. ಒಂದು ಆದೇಶ ಕೊಟ್ಟರೆ ಸೋಮವಾರದ ರಾತ್ರಿ ಕಣ್ಣೆದುರು ಬರುತ್ತಿತ್ತು. ಅದು ಅವಳಿಗೂ ಗೊತ್ತಿತ್ತು. ಕೀಬೋರ್ಡನ್ನು ನನ್ನ ಕಡೆ ಸರಿಸಿದಳು.

"ನೋಡ್ರಿ ಬೇಕಾದ್ರೆ."

ಬಸ್ಸಿನ ಹೊತ್ತಾಯಿತು ಎಂದು ನಾನು ಎದ್ದೆ. ಹರಿಹರದಿಂದ ದಾವಣಗೆರೆಗೆ ಬಸ್ಸು ಇಲ್ಲದ ಹೊತ್ತೇ ಇಲ್ಲ.